ಗಾಡಿಯ ರೋಗನಿದಾನ

ನಮ್ಮ ಮನೆಯಲ್ಲಿ ಒಂದು ಹಳೆಯ ಡೀಸೆಲ್ ಗಾಡಿಯಿದೆ. ಈಗಿನವರು ಇಂತಹದನ್ನು ಎಸ್.ಯು.ವಿ. ಎಂದು ಕರೆಯುತ್ತಾರೆ, ಏಳೆಂಟು ಮಂದಿ ಕೂರಬಹುದಾದ, ನೆಲದಿಂದ ಎತ್ತರವಾಗಿ ನಿಂತಿರತಕ್ಕ, ತೋಟದ ದಾರಿಗೂ ಹೆದ್ದಾರಿಗೂ ಹೊಂದಿಕೊಳ್ಳುವ ಗಾಡಿಯೆಂದರೆ ವಾಚಕರಿಗೆ ತಿಳಿಯುತ್ತದೆ. 2011ರಲ್ಲಿ ಕೊಂಡದ್ದು. ತಯಾರಿಸಿದ ಕಂಪನಿಯ ಹೆಸರು ಇಲ್ಲಿ ಅನಾವಶ್ಯಕ. ನಾವು ಹೇಳಹೊರಟಿರುವ ವ್ಯಾಧಿಯು ವಯಸ್ಸಾದ ಮೇಲೆ ಯಾವ ಗಾಡಿಗಾದರೂ ಬರಬಹುದಾದದ್ದು.

ನಮ್ಮ ಅಣ್ಣನವರು ಗುಬ್ಬಿಯ ಸಮೀಪದಲ್ಲಿ ತೋಟದ ಮನೆಯಲ್ಲಿದ್ದಾರೆ. ಅವರ ಮೂತ್ರಪಿಂಡಗಳ ಶಕ್ತಿ ಕುಂದಿದೆ. ಸೋಮವಾರ, ಗುರುವಾರ, ಹೀಗೆ ವಾರಕ್ಕೆರಡಾವರ್ತಿ ತುಮಕೂರಿಗೆ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಗುಬ್ಬಿಗೂ ತುಮಕೂರಿಗೂ ಇಪ್ಪತ್ತು ಕಿಲೋಮೀಟರಿನ ಅಂತರ. ಬರುವಾಗ ಹೇಗೋ ಬರಬಹುದು. ನಾಲ್ಕು ಗಂಟೆಗಳ ಕಾಲ ಯಂತ್ರಕ್ಕೆ ರಕ್ತವನ್ನೊಪ್ಪಿಸಿ ಎದ್ದ ಮೇಲೆ ಬಸ್ಸಿನಲ್ಲಿ ನಿಂತು ಹಿಂದಿರುಗುವುದು ಅವರಿಂದ ಸಾಧ್ಯವಿಲ್ಲ. ಆದುದರಿಂದ ನಮ್ಮ ಕಿರಿಯ ಮಗನು ಈ ಗಾಡಿಯನ್ನು ತೆಗೆದುಕೊಂಡು ಹೋಗಿ ದೊಡ್ಡಪ್ಪನನ್ನು ಕರೆತಂದು, ಮತ್ತೆ ಮನೆ ಮುಟ್ಟಿಸಿ ಬರುವುದೆಂದು ಏರ್ಪಾಡಾಗಿತ್ತು.

ಹೋದ ವರ್ಷ ಶ್ರಾವಣಮಾಸದ ಒಂದು ಗುರುವಾರ ಬಿ.ಎಚ್. ರಸ್ತೆಯಲ್ಲಿ, ಮಲ್ಲಸಂದ್ರದ ಬಳಿ, ಮುಂದಿದ್ದ ಲಾರಿಯನ್ನು ದಾಟಬೇಕೆಂದು ಮಗನು ವೇಗವನ್ನು ಹೆಚ್ಚಿಸಿದನು. ಅರ್ಧ ದಾಟುವಷ್ಟರಲ್ಲಿ ಗಾಡಿಯ ಬಲವೆಲ್ಲ ಉಡುಗಿಹೋಯಿತು. ಮುಂಫಲಕದಲ್ಲಿ ಎಂಜಿನ್ನಿನ ಆಕಾರದ ಹಳದಿ ದೀಪ ಹೊತ್ತಿಕೊಂಡಿತು. ಪೆಡಲನ್ನು ನೆಲಕ್ಕೆ ಒತ್ತಿದರೂ ನಲವತ್ತಕ್ಕಿಂತ ಮೇಲೇಳದು. ಎದುರಿನಿಂದ ಬರುತ್ತಿದ್ದ ಬಸ್ಸಿನ ಚಾಲಕನು ಸಜ್ಜನನಾಗಿದ್ದುದರಿಂದ ಅನಾಹುತ ತಪ್ಪಿತು. ರಸ್ತೆಯ ಪಕ್ಕಕ್ಕೆ ನಿಲ್ಲಿಸಿ, ಕೀಲಿಯನ್ನು ತಿರುಗಿಸಿ ಆರಿಸಿ ಮತ್ತೆ ಹಚ್ಚಿದರೆ ಗಾಡಿ ಏನೂ ಆಗಿಲ್ಲವೆಂಬಂತೆ ಓಡಿತು! ಹಿಂದಿನ ಆಸನದಲ್ಲಿ ಒರಗಿದ್ದ ಅಣ್ಣನವರು, "ಇದೂ ನನ್ನ ಹಾಗೇ ಆಯಿತಲ್ಲಪ್ಪ, ಎಲ್ಲಿ ನಿಲ್ಲುತ್ತೋ ಗೊತ್ತಿಲ್ಲ" ಎಂದರಂತೆ. ಮಗನು ಮನೆಗೆ ಬಂದು ಈ ಮಾತನ್ನು ಹೇಳುವಾಗ ನಗುವುದಕ್ಕೆ ಯತ್ನಿಸಿದನು, ಆಗಲಿಲ್ಲ.

ಹೀಗೆ ಬಲವುಡುಗುವುದಕ್ಕೆ ಮೇಸ್ತ್ರಿಗಳು 'ಲಿಂಪ್ ಮೋಡ್' ಎನ್ನುತ್ತಾರೆ, ಕುಂಟುನಡೆ ಎನ್ನೋಣ. ಅದು ಏಕೆ ಬರುತ್ತದೆಂಬುದನ್ನು ತಿಳಿಯಬೇಕಾದರೆ ಈ ಕಾಲದ ಡೀಸೆಲ್ ಯಂತ್ರದ ಸ್ವಭಾವವನ್ನು ಸ್ವಲ್ಪ ವಿವರಿಸಬೇಕು. ಹಿಂದಿನ ಯಂತ್ರಗಳಲ್ಲಿ ಚಾಲಕನ ಪಾದಕ್ಕೂ ಇಂಧನಕ್ಕೂ ನೇರವಾದ ನಂಟಿತ್ತು. ಪೆಡಲನ್ನು ಒತ್ತಿದರೆ ತಂತಿ ಎಳೆಯುತ್ತಿತ್ತು, ಪಂಪಿನೊಳಗಿನ ಹಲ್ಲುಪಟ್ಟಿ ಸರಿಯುತ್ತಿತ್ತು, ಹೆಚ್ಚು ಡೀಸೆಲ್ ಹೋಗುತ್ತಿತ್ತು. ನಮ್ಮ ದೇಶದ ಲಾರಿ ಟ್ರ್ಯಾಕ್ಟರುಗಳಿಗೆ ಅಂತಹ ಪಂಪುಗಳನ್ನು ಬಹುಕಾಲ ಒದಗಿಸಿದ್ದು ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆ. 1951ರಲ್ಲಿ ಸ್ಥಾಪಿತವಾದ ಆ ಕಂಪನಿಗೆ 2008ರಲ್ಲಿ ಬಾಷ್ ಎಂದು ಹೆಸರಾಯಿತು. ಹಳಬರ ಬಾಯಲ್ಲಿ ಇನ್ನೂ ಮೈಕೋ ಎಂದೇ ಇದೆ.

'ಕಾಮನ್ ರೈಲ್' ಎಂಬ ಹೊಸ ಕ್ರಮದಲ್ಲಿ ಈ ನಂಟು ಕಡಿದುಹೋಗಿದೆ. ಪೆಡಲನ್ನು ಒತ್ತುವುದೆಂದರೆ ಈಗ ಕಛೇರಿಗೆ ಒಂದು ಅರ್ಜಿಯನ್ನು ಕೊಟ್ಟಂತೆ. ಅರ್ಜಿ ಹೋಗುವುದು ಎಂಜಿನ್ನಿನ ಗಣಕಕ್ಕೆ, ಎಂದರೆ ಗ್ಯಾರೇಜಿನವರು ಇ.ಸಿ.ಎಂ. ಎನ್ನುವ ಅಂಗೈಯಗಲದ ಪೆಟ್ಟಿಗೆಗೆ. ಒಳಗೆ ಬರುವ ಗಾಳಿ ಎಷ್ಟು, ನೀರಿನ ಬಿಸಿ ಎಷ್ಟು, ಯಂತ್ರ ನಿಮಿಷಕ್ಕೆ ಎಷ್ಟು ಸುತ್ತುತ್ತಿದೆ, ಟರ್ಬೋ ಒತ್ತಿಕೊಡುವ ಗಾಳಿಯ ಬಲವೆಷ್ಟು, ಇವೆಲ್ಲವನ್ನೂ ಸೆನ್ಸಾರುಗಳೆಂಬ ಚಾರರ ಮೂಲಕ ಅದು ವಿಚಾರಿಸಿಕೊಳ್ಳುತ್ತದೆ. ಬಳಿಕ, ಎಲ್ಲ ಸಿಲಿಂಡರುಗಳಿಗೂ ಸಾಧಾರಣವಾಗಿರುವ ಒಂದು ದಪ್ಪ ಕೊಳವೆಯಲ್ಲಿ ಡೀಸೆಲ್ ಎಷ್ಟು ಒತ್ತಡದಲ್ಲಿರಬೇಕು, ಯಾವ ಇಂಜೆಕ್ಟರು ಎಷ್ಟು ಹೊತ್ತು ಬಾಯಿ ತೆರೆಯಬೇಕು ಎಂಬ ಆಜ್ಞೆಯನ್ನು ಹೊರಡಿಸುತ್ತದೆ. ಆ ಒತ್ತಡವು ಸಾಮಾನ್ಯವಲ್ಲ. ನಮ್ಮ ಗಾಡಿಯ ಕಾಲದ ಯಂತ್ರಗಳಲ್ಲಿ 1600 ಬಾರ್, ಎಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು ಸಾವಿರದ ಆರುನೂರರಷ್ಟು, ಏರುವುದುಂಟು. ಕೇಳಿದ ಒತ್ತಡಕ್ಕೂ ಸಿಕ್ಕಿದ ಒತ್ತಡಕ್ಕೂ ಬಹಳ ವ್ಯತ್ಯಾಸ ಬಂದರೆ ಗಣಕವು ಯಂತ್ರಕ್ಕೆ ಅಪಾಯವಾದೀತೆಂದು ಬಗೆದು ಇಂಧನವನ್ನು ತಡೆಯುತ್ತದೆ, ದೀಪವನ್ನು ಹೊತ್ತಿಸುತ್ತದೆ, ಒಂದು ಸಂಕೇತಸಂಖ್ಯೆಯನ್ನು ತನ್ನ ಸ್ಮೃತಿಯಲ್ಲಿ ಬರೆದಿಡುತ್ತದೆ. ಕುಂಟುನಡೆಯೆಂಬುದು ಇದೇ. ಅದು ರೋಗವಲ್ಲ, ರೋಗಿಯನ್ನು ಮಲಗಿಸಿದ ವೈದ್ಯನ ಎಚ್ಚರಿಕೆ.

ತುಮಕೂರಿನ ಒಂದು ಗ್ಯಾರೇಜಿಗೆ ಗಾಡಿಯನ್ನು ಒಯ್ದೆವು. ಗುಬ್ಬಿ ಗೇಟಿನಿಂದ ಬಹು ದೂರವಿಲ್ಲ, ಹೆಸರು ಬೇಡ. ಅಲ್ಲಿಯ ತರುಣನು ಸ್ಟಿಯರಿಂಗಿನ ಕೆಳಗಿನ ಕಂಡಿಗೆ ಸ್ಕ್ಯಾನರನ್ನು ಸಿಕ್ಕಿಸಿ 'ಪಿ 0087' ಎಂಬ ಸಂಖ್ಯೆಯನ್ನು ತೋರಿಸಿದನು. ಸಾಧಾರಣ ಕೊಳವೆಯಲ್ಲಿ ಒತ್ತಡ ಕಡಿಮೆಯಾಗಿದೆಯೆಂದು ಅದರ ಅರ್ಥ. ಡೀಸೆಲ್ ಫಿಲ್ಟರನ್ನು ಬದಲಾಯಿಸಿದನು. ಅನಂತರ, "ಸರ್, ಇದರ ಸಾಫ್ಟ್‌ವೇರ್ ತುಂಬಾ ಹಳೇದು. ಅಪ್‌ಡೇಟ್ ಮಾಡಿದ್ರೆ ಸರಿಹೋಗುತ್ತೆ. ಹೋಗದಿದ್ರೆ ಹೈ ಪ್ರೆಷರ್ ಪಂಪ್ ಹಾಕ್ಬೇಕು" ಎಂದನು. ಅಪ್‌ಡೇಟಿಗೆ ಒಂಬತ್ತು ಸಾವಿರ, ಪಂಪಿಗೆ ಅರವತ್ತು ಸಾವಿರದ ಮೇಲೆ. ನಮ್ಮ ಪಿಂಚಣಿಯನ್ನು ಬಲ್ಲ ವಾಚಕರು ನಾವು ಯಾವುದನ್ನು ಆರಿಸಿಕೊಂಡೆವೆಂಬುದನ್ನು ಊಹಿಸಬಲ್ಲರು.

ಗಣಕದ ಬರಹವನ್ನು ಅಳಿಸಿ ಹೊಸದನ್ನು ಬರೆದರು. ಗಾಡಿ ಹಿಂದಿರುಗಿತು, ಎರಡು ವಾರ ಚೆನ್ನಾಗಿ ಓಡಿತು. ನಾವು ಆ ತರುಣನ ವಿದ್ಯೆಯನ್ನು ನಾಲ್ಕಾರು ಮಂದಿಯ ಮುಂದೆ ಕೊಂಡಾಡಿದೆವು. ಮೂರನೆಯ ವಾರ, ಸೋಮವಾರ ಸಂಜೆ, ಮಳೆಯಲ್ಲಿ, ಅಣ್ಣನವರನ್ನು ಕರೆದುಕೊಂಡು ಹಿಂದಿರುಗುವಾಗ, ಹೆಗ್ಗೆರೆಯನ್ನು ದಾಟುತ್ತಿದ್ದಂತೆಯೇ ಹಳೆಯ ಕುಂಟುನಡೆ ಮರುಕಳಿಸಿತು. ಆ ದಿನ ನಾಲ್ಕು ಸಲ ನಿಲ್ಲಿಸಿ ಹಚ್ಚಿ ಗುಬ್ಬಿಯನ್ನು ಸೇರಬೇಕಾಯಿತು. ಅಣ್ಣನವರಿಗೆ ರಕ್ತದ ಒತ್ತಡ ಇಳಿದು ವಾಂತಿಯಾಯಿತು. ಅತ್ತಿಗೆಯವರು ಬಾಗಿಲಲ್ಲಿಯೇ ನಿಂತಿದ್ದರಂತೆ. ನಮ್ಮನ್ನು ಒಂದು ಮಾತೂ ಆಡಲಿಲ್ಲ. "ನಾಡಿದ್ದಿಂದ ಆಟೋ ಹೇಳ್ತೀನಿ ಬಿಡಪ್ಪ" ಎಂದು ಮಗನಿಗೆ ಹೇಳಿದರು. ಅದು ನಮ್ಮನ್ನು ಚುಚ್ಚಿತು.

ಗಾಡಿಯನ್ನು ಮಾರಿಬಿಡಬೇಕೆಂದು ಮಗನೂ, ಮಾರಿದರೆ ಏನು ಬಂದೀತು, ಹೊಸದಕ್ಕೆ ಎಲ್ಲಿಂದ ತರುವುದು ಎಂದು ನಾವೂ ಚರ್ಚಿಸುತ್ತಿರಲು, ನಮ್ಮ ಮನೆಯವರು ಒಳಗಿನಿಂದ, "ಗೌರಿಹಬ್ಬಕ್ಕೆ ಒಂದು ತಿಂಗಳು ಮುಂಚಿನಿಂದಲೂ ಬೆಳಗಿನ ಹೊತ್ತು ಹಚ್ಚೋವಾಗ ಅದು ಬಹಳ ಹೊತ್ತು ಕುಯ್ಯೋ ಅಂತಿತ್ತು. ನೀವು ಯಾರೂ ಕೇಳಿಸಿಕೊಳ್ಳಲಿಲ್ಲ" ಎಂದರು. ಅಡಿಗೆಮನೆಯ ಕಿಟಕಿಯ ಹೊರಗೇ ಗಾಡಿ ನಿಲ್ಲುವುದು.

ಈ ಮಾತಿನಿಂದ ನಮಗೆ ನಾಚಿಕೆಯಾಯಿತೆಂಬುದನ್ನು ಮರೆಮಾಚುವುದಿಲ್ಲ. ನಾವು ಪಾಠಶಾಲೆಯಲ್ಲಿ ಸಂಸ್ಕೃತವನ್ನೋದುವಾಗ ಸಹಪಾಠಿಗಳಲ್ಲಿ ಇಬ್ಬರು ಆಯುರ್ವೇದದವರಿದ್ದರು. ಮಾಧವನಿದಾನವೆಂಬುದು ರೋಗವನ್ನು ಗುರುತಿಸುವುದಕ್ಕೆಂದೇ ಮೀಸಲಾದ ಗ್ರಂಥ. ಅದನ್ನು ಅವರು ಗಟ್ಟಿ ಮಾಡುವಾಗ ನಮಗೂ ಅಷ್ಟಿಷ್ಟು ಕಿವಿಗೆ ಬಿದ್ದಿತ್ತು. ರೋಗಜ್ಞಾನಕ್ಕೆ ಐದು ಸಾಧನಗಳೆಂದು ವೈದ್ಯಶಾಸ್ತ್ರವು ಹೇಳುತ್ತದೆ: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ಕಾರಣ, ಮುನ್ಸೂಚನೆ, ಪ್ರಕಟವಾದ ಲಕ್ಷಣ, ಯಾವುದರಿಂದ ಉಪಶಮನವಾಗುತ್ತದೆಂಬ ಪರೀಕ್ಷೆ, ರೋಗವು ಒಳಗೆ ಬೆಳೆದ ಬಗೆ ಎಂದು ಸ್ಥೂಲವಾಗಿ ಅರ್ಥಮಾಡಬಹುದು. ಗಣಕದ ಸಂಖ್ಯೆ ಕೊಟ್ಟದ್ದು ರೂಪವೊಂದನ್ನೇ, ಜ್ವರವಿದೆ ಎಂಬಷ್ಟನ್ನೇ. ಒತ್ತಡ ಕಡಿಮೆಯೆಂದು ಅದು ಹೇಳಿತೇ ಹೊರತು ಏಕೆ ಕಡಿಮೆಯೆಂದು ಹೇಳಲಿಲ್ಲ; ಹೇಳುವ ಶಕ್ತಿಯೂ ಅದಕ್ಕಿಲ್ಲ. ಪೂರ್ವರೂಪವನ್ನು ಮನೆಯಾಕೆ ಕಂಡಿದ್ದರು, ನಾವು ಕೇಳಲಿಲ್ಲ. ಹಾಗಾದರೆ ಉಪಶಯ? ಅಪ್‌ಡೇಟಿನಿಂದ ಎರಡು ವಾರ ಗುಣ ಕಂಡಿತಲ್ಲ, ಅದು ಏಕೆ? ಇದೊಂದು ಪ್ರಶ್ನೆ ನಮ್ಮನ್ನು ಬಿಡಲೊಲ್ಲದು.

ನಮ್ಮ ಬೀಗರು ಕುಣಿಗಲಿನವರು. ಅಲ್ಲಿ ಒಬ್ಬ ವೃದ್ಧ ಮೇಸ್ತ್ರಿ ಇದ್ದಾರೆ, ಮೊದಲು ಡೀಸೆಲ್ ಪಂಪುಗಳನ್ನು ಬಿಚ್ಚಿ ಜೋಡಿಸುತ್ತಿದ್ದವರು, ಈಗ ಮಗನೊಡನೆ ಅಂಗಡಿ ನಡೆಸುತ್ತಾರೆ, ತೋರಿಸಿ ನೋಡಿ ಎಂದು ಬೀಗರು ಹೇಳಿ ಕಳುಹಿಸಿದರು. ಒಂದು ಶನಿವಾರ ಗೂಳೂರು, ಹೆಬ್ಬೂರಿನ ಮಾರ್ಗವಾಗಿ ಹೊರಟೆವು. ಗೂಳೂರಿನ ಬಳಿ ಕೈದಾಳಕ್ಕೆ ದಾರಿ ಒಡೆಯುತ್ತದೆ. ಜಕಣಾಚಾರಿಯ ಊರೆಂದು ಪ್ರತೀತಿಯಿರುವ ಗ್ರಾಮ. ಬೇಲೂರಿನ ವಿಗ್ರಹದ ಶಿಲೆಯಲ್ಲಿ ದೋಷವಿದೆಯೆಂದು ತರುಣನೊಬ್ಬನು ಹೇಳಲು, ಮೈಗೆಲ್ಲ ಗಂಧವನ್ನು ಲೇಪಿಸಿದರಂತೆ. ಎಲ್ಲವೂ ಒಣಗಿ, ಹೊಕ್ಕುಳ ಬಳಿಯಷ್ಟೇ ಒದ್ದೆಯಾಗಿ ಉಳಿಯಿತಂತೆ. ಅಲ್ಲಿ ಉಳಿಯಿಟ್ಟರೆ ಒಳಗಿನಿಂದ ನೀರೂ ಕಪ್ಪೆಯೂ ಹೊರಬಿದ್ದವಂತೆ. ಇದು ಶಾಸನಾಧಾರವಿರುವ ಇತಿಹಾಸವಲ್ಲ, ಜನರ ಬಾಯಲ್ಲಿ ಬಂದ ಕಥೆ. ಮಕ್ಕಳಿಗೆ ಮೂವತ್ತು ವರ್ಷ ಈ ಕಥೆಯನ್ನು ಹೇಳುತ್ತ, ಜಕಣನು ಕೈ ಕತ್ತರಿಸಿಕೊಂಡದ್ದನ್ನು ದೊಡ್ಡದು ಮಾಡಿದೆವೇ ಹೊರತು ಗಂಧದ ವಿಷಯವನ್ನು ನಾವು ಯೋಚಿಸಿರಲಿಲ್ಲ. ಕಲ್ಲನ್ನು ಒಡೆಯದೆ ಒಳಗಿನ ದೋಷದ ಸ್ಥಳವನ್ನು ತೋರಿಸಿದ್ದು ಆ ಗಂಧವಲ್ಲವೆ?

ಕುದುರೆ ಫಾರಮ್ಮಿಗೆ ಹೆಸರಾದ ಕುಣಿಗಲಿನಲ್ಲಿ ನಮ್ಮ ಗಾಡಿಯ ಅಶ್ವಶಕ್ತಿಯನ್ನು ಹುಡುಕಹೊರಟದ್ದಕ್ಕೆ ಬೀಗರು ಹಾಸ್ಯ ಮಾಡಿದರು. ಮೇಸ್ತ್ರಿಯವರು ಸ್ಕ್ಯಾನರನ್ನು ಮುಟ್ಟಲಿಲ್ಲ. ಮೊದಲು ಕೇಳಿದ್ದು, "ಮೇಷ್ಟ್ರೇ, ಲೈಟ್ ಹತ್ತಿಕೊಂಡಾಗೆಲ್ಲ ಟ್ಯಾಂಕ್‌ನಲ್ಲಿ ಡೀಸಲ್ ಎಷ್ಟಿತ್ತು?" ಎಂದು.

ಉಪಾಧ್ಯಾಯವೃತ್ತಿಯಿಂದ ನಮಗೆ ಉಳಿದ ಒಂದು ಅಭ್ಯಾಸವೆಂದರೆ ಲೆಕ್ಕದ ಪುಸ್ತಕ. ಡೀಸೆಲ್ ಹಾಕಿಸಿದ ದಿನ, ಲೀಟರು, ಗಾಡಿ ಓಡಿದ ಕಿಲೋಮೀಟರು ಎಲ್ಲವನ್ನೂ ಮಗನಿಂದ ಬರೆಯಿಸುತ್ತೇವೆ. ಪುಸ್ತಕವು ಗಾಡಿಯಲ್ಲಿಯೇ ಇತ್ತು. ಬಿಚ್ಚಿ ನೋಡಿದರೆ, ಕುಂಟಿದ ದಿನಗಳೆಲ್ಲವೂ ತೊಟ್ಟಿ ಅರ್ಧಕ್ಕಿಂತ ಕೆಳಗಿಳಿದ ಮೇಲಿನವು. ಅಪ್‌ಡೇಟ್ ಮಾಡಿಸಿದ ದಿನವೇ, ಬೆಂಗಳೂರಿಗೆ ಮದುವೆಗೆ ಹೋಗುವುದಿದೆಯೆಂದು ತೊಟ್ಟಿಯನ್ನು ಭರ್ತಿ ಮಾಡಿಸಿದ್ದೆವು. ಹಿಂದಿರುಗಿದ ಮೇಲೆ ಮತ್ತೊಮ್ಮೆ ಭರ್ತಿ. ಆ ಎರಡು ವಾರಗಳ ಆರೋಗ್ಯವು ಒಂಬತ್ತು ಸಾವಿರದ ಫಲವಲ್ಲ, ಡೀಸೆಲಿನ ಮಟ್ಟದ ಫಲ! ಉಪಶಯವು ಕಣ್ಣೆದುರಿಗಿತ್ತು, ನಾವು ಅದನ್ನು ಬೇರೊಂದು ಔಷಧದ ಖಾತೆಗೆ ಬರೆದಿದ್ದೆವು.

ಮುಂದಿನದನ್ನು ಅವರು ಮಾಡಿದ ಕ್ರಮವು ವಿವರವಾಗಿ ಹೇಳುವುದಕ್ಕೆ ಯೋಗ್ಯವಾಗಿದೆ. ಮೇಸ್ತ್ರಿಯವರ ಮಗನು ಸ್ಕ್ಯಾನರನ್ನು ಜೋಡಿಸಿ ಗಾಡಿಯಲ್ಲಿ ಕುಳಿತನು. ಹಳೆಯ ಸಂಖ್ಯೆಗಳನ್ನು ನೋಡುವುದಕ್ಕಲ್ಲ. ಓಡುತ್ತಿರುವಾಗ ಗಣಕವು ಕೇಳುವ ಒತ್ತಡ, ದೊರೆಯುವ ಒತ್ತಡ, ಇವೆರಡನ್ನೂ ಪಕ್ಕಪಕ್ಕದಲ್ಲಿ ನೋಡುವುದಕ್ಕೆ. ನಿಂತಲ್ಲಿ ಎರಡೂ ಸಮ. ಹೆದ್ದಾರಿಯ ಏರಿನಲ್ಲಿ ಗಣಕವು 1200 ಕೇಳಿದರೆ ಬಂದದ್ದು 800. ಹಾಗಾದರೆ ಗಣಕವು ಕೇಳುವುದರಲ್ಲಿ ತಪ್ಪಿಲ್ಲ, ಒದಗಿಸುವವರಲ್ಲಿ ಕೊರತೆ. ಹಿಂದಿರುಗಿದ ಮೇಲೆ ವೃದ್ಧರು ಫಿಲ್ಟರಿಗೂ ಪಂಪಿಗೂ ನಡುವಿನ ಕಪ್ಪು ರಬ್ಬರಿನ ಪೈಪನ್ನು ತೆಗೆದು, ಅಷ್ಟೇ ಉದ್ದದ ಪಾರದರ್ಶಕವಾದ ಪೈಪನ್ನು ಹಾಕಿ ಯಂತ್ರವನ್ನು ಹಚ್ಚಿಸಿದರು. ವೇಗ ಏರಿದಂತೆ ಹಳದಿ ಡೀಸೆಲಿನಲ್ಲಿ ಗಾಳಿಗುಳ್ಳೆಗಳು ಸಾಲುಸಾಲಾಗಿ ಹರಿದವು. ಗಂಧ ಒಣಗದ ಸ್ಥಳ ಕಂಡಿತು!

ಆದರೆ ಗಾಳಿ ಎಲ್ಲಿಂದ ಬಂತು? ಒಂದು ಕ್ಯಾನಿನಲ್ಲಿ ಡೀಸೆಲ್ ತುಂಬಿಸಿ ಎಂಜಿನ್ನಿನ ಪಕ್ಕದಲ್ಲಿಟ್ಟು, ಅದರಿಂದ ಹೊಸ ಪೈಪಿನ ಮೂಲಕ ಫಿಲ್ಟರಿಗೆ ಕೊಟ್ಟರು. ಗುಳ್ಳೆಗಳು ನಿಂತವು. ಹಳೆಯ ದಾರಿಗೆ ಮತ್ತೆ ಜೋಡಿಸಿದರೆ ಗುಳ್ಳೆ. ಕ್ಯಾನಿಗೆ ಜೋಡಿಸಿದರೆ ಇಲ್ಲ. ಅನ್ವಯ ವ್ಯತಿರೇಕಗಳೆಂದು ನ್ಯಾಯಶಾಸ್ತ್ರದವರು ಪುಟಗಟ್ಟಲೆ ಬರೆಯುವುದನ್ನು ಅವರು ಎಣ್ಣೆಗೈಯಲ್ಲಿ ಐದು ನಿಮಿಷಗಳಲ್ಲಿ ಮಾಡಿ ಮುಗಿಸಿದರು. ದೋಷವು ತೊಟ್ಟಿಗೂ ಫಿಲ್ಟರಿಗೂ ನಡುವೆ ಇದೆಯೆಂದು ಖಚಿತವಾಯಿತು. ತೊಟ್ಟಿಯ ನೆತ್ತಿಯ ಮೇಲೆ, ಕ್ಲಿಪ್ಪಿನ ಅಡಿಯಲ್ಲಿ, ಗೇಣುದ್ದದ ರಬ್ಬರ್ ಪೈಪು ಹದಿಮೂರು ವರ್ಷದ ಬಿಸಿಲು ಕೆಸರುಗಳಿಂದ ಗಡುಸಾಗಿ ಸೀಳಿತ್ತು.

ನಮ್ಮ ಗಾಡಿಯಲ್ಲಿ ಡೀಸೆಲನ್ನು ತೊಟ್ಟಿಯಿಂದ ತಳ್ಳುವ ಪಂಪಿಲ್ಲ. ಎಂಜಿನ್ನಿನ ಬಳಿಯ ಪಂಪೇ ಹೀರಿಕೊಳ್ಳುತ್ತದೆ. ಹೀರುವ ಕೊಳವೆಯಲ್ಲಿ ಬಿರುಕಾದರೆ ಡೀಸೆಲ್ ಹೊರಕ್ಕೆ ತೊಟ್ಟಿಕ್ಕುವುದಿಲ್ಲ, ಗಾಳಿ ಒಳಕ್ಕೆ ನುಗ್ಗುತ್ತದೆ. ಆದುದರಿಂದ ನೆಲದ ಮೇಲೆ ಕಲೆಯಿಲ್ಲ, ವಾಸನೆಯಿಲ್ಲ. ತೊಟ್ಟಿ ತುಂಬಿರುವಾಗ ಡೀಸೆಲ್ ಎತ್ತರದಲ್ಲಿದ್ದು ಹೀರುವ ಶ್ರಮ ಕಡಿಮೆ. ಇಳಿದಂತೆ ಶ್ರಮ ಹೆಚ್ಚಿ ಗಾಳಿಯೂ ಹೆಚ್ಚು. ರಾತ್ರಿಯಲ್ಲಿ ಆ ಬಿರುಕಿನಿಂದಲೇ ಗಾಳಿ ಸೇರಿ ಕೊಳವೆಯ ಡೀಸೆಲ್ ತೊಟ್ಟಿಗೆ ಹಿಂದಿರುಗುತ್ತಿದ್ದುದರಿಂದ ಬೆಳಗ್ಗೆ ಗಾಡಿ ಬಹಳ ಹೊತ್ತು 'ಕುಯ್ಯೋ' ಎನ್ನುತ್ತಿತ್ತು. ಅಡಿಗೆಮನೆಯ ಕಿಟಕಿಯಿಂದ ಮೇಸ್ತ್ರಿಯ ತೀರ್ಮಾನದವರೆಗೆ ಸಂಪ್ರಾಪ್ತಿಯು ಹೀಗೆ ಕೂಡಿತು. ಪೈಪು, ಕ್ಲಿಪ್ಪು, ಕೂಲಿ ಸೇರಿ ಎಂಟುನೂರು ರೂಪಾಯಿ.

ನಾವು ಅಪ್‌ಡೇಟ್ ಮಾಡಿದವರನ್ನು ಎರಡು ಮಾತು ಬೈದೆವು. ಮೇಸ್ತ್ರಿಯವರು ಒಪ್ಪಲಿಲ್ಲ. "ಅದೂ ಬೇಕಾಗುತ್ತೆ ಮೇಷ್ಟ್ರೇ. ಆದ್ರೆ ಹೊಟ್ಟೆ ಹಸಿದೋನಿಗೆ ಕನ್ನಡಕ ಹಾಕಿದ್ರೆ ಏನ್ ಬಂತು?" ಎಂದರು. ಅವರ ಮಗನು ವಿವರಿಸಿದ್ದನ್ನು ವಾಚಕರ ಉಪಯೋಗಕ್ಕಾಗಿ ಬರೆಯುತ್ತೇವೆ. ಇಂಜೆಕ್ಟರನ್ನು ಬದಲಾಯಿಸಿದರೆ ಅನೇಕ ಯಂತ್ರಗಳಲ್ಲಿ ಅದರ ತಲೆಯ ಮೇಲೆ ಕೆತ್ತಿರುವ ಸಂಕೇತವನ್ನು ಗಣಕಕ್ಕೆ ತಿಳಿಸಲೇಬೇಕು. ಇಲ್ಲವಾದರೆ ಯಂತ್ರ ನಡುಗುತ್ತದೆ, ಹೊಗೆಯುಗುಳುತ್ತದೆ. ತಯಾರಕರೇ ತಮ್ಮ ಬರಹದಲ್ಲಿ ದೋಷವನ್ನು ಕಂಡು ತಿದ್ದುಪಡಿಯನ್ನು ಹೊರಡಿಸುವುದೂ ಉಂಟು. ದೋಷವು ನಿಜವಾಗಿ ಬರಹದಲ್ಲಿಯೇ ಇದ್ದುದಕ್ಕೆ ಜಗತ್ಪ್ರಸಿದ್ಧವಾದ ಉದಾಹರಣೆ ಫೋಕ್ಸ್‌ವ್ಯಾಗನ್ ಕಂಪನಿಯದು. ಪರೀಕ್ಷೆಯ ಹೊತ್ತಿನಲ್ಲಿ ಮಾತ್ರ ಹೊಗೆಯನ್ನು ಹತೋಟಿಯಲ್ಲಿಡುವಂತೆ ಡೀಸೆಲ್ ಗಾಡಿಗಳ ಗಣಕಕ್ಕೆ ಬರೆದಿದ್ದುದು 2015ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಬಯಲಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮ ದೇಶದಲ್ಲಿಯೂ ಸುಮಾರು 3.23 ಲಕ್ಷ ಗಾಡಿಗಳನ್ನು ತಿದ್ದುಪಡಿಗಾಗಿ ಹಿಂದಕ್ಕೆ ಕರೆಯುವುದಾಗಿ ಕಂಪನಿಯು ಪ್ರಕಟಿಸಬೇಕಾಯಿತು.

ತಿದ್ದುಪಡಿ ಮಾಡಿಸುವುದೇ ಆದರೆ, ಬರೆಯುತ್ತಿರುವಾಗ ಬ್ಯಾಟರಿಯ ಬಲ ಕುಂದಬಾರದು. ನಡುವೆ ವಿದ್ಯುತ್ತು ತಪ್ಪಿದರೆ ಗಣಕವು ಅರ್ಧ ಅಳಿಸಿದ ಹಲಗೆಯಂತಾಗಿ ಗಾಡಿ ಹಚ್ಚಿಕೊಳ್ಳದೆ ಹೋಗಬಹುದು; ಆದುದರಿಂದ ಹೊರಗಿನಿಂದ ಸ್ಥಿರವಾದ ವಿದ್ಯುತ್ತನ್ನು ಕೊಟ್ಟೇ ಈ ಕೆಲಸವನ್ನು ಮಾಡತಕ್ಕದ್ದು. ಹಳೆಯ ಬರಹದ ಆವೃತ್ತಿಸಂಖ್ಯೆ, ಹೊಸದರ ಸಂಖ್ಯೆ, ಎರಡನ್ನೂ ಬಿಲ್ಲಿನ ಮೇಲೆ ಬರೆಯಿಸಿಕೊಳ್ಳಬೇಕು. ಸಂಕೇತಸಂಖ್ಯೆಗಳನ್ನು ಅಳಿಸುವ ಮುನ್ನ ಕಾಗದದಲ್ಲಿ ಬರೆದುಕೊಳ್ಳುವುದು ಇನ್ನೂ ಮುಖ್ಯ. ಅಳಿಸಿದ ಮೇಲೆ ಸಾಕ್ಷಿಯೇ ಇಲ್ಲ. ಬಲವನ್ನು ಹೆಚ್ಚಿಸುತ್ತೇವೆಂದು 'ರೀಮ್ಯಾಪ್' ಮಾಡುವವರು ಬೇರೆ ಇದ್ದಾರೆ. ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಪ್ರಕರಣವು ತಡೆಯುತ್ತದೆಂಬುದು ಹಾಗಿರಲಿ, ಹದಿಮೂರು ವರ್ಷದ ಯಂತ್ರಕ್ಕೆ ಯೌವನದ ಆಸೆ ತೋರಿಸುವುದು ಸರಿಯಲ್ಲ.

ಐನೂರು ಸಾವಿರ ರೂಪಾಯಿಗಳಿಗೆ ದೊರೆಯುವ, ಫೋನಿಗೆ ಹೊಂದಿಕೊಳ್ಳುವ ಸಣ್ಣ ಸ್ಕ್ಯಾನರನ್ನು ಕೊಳ್ಳಬಹುದೇ ಎಂದು ಮಗನು ಕೇಳಿದನು. ಕೊಳ್ಳಬಹುದು, ಆದರೆ ಹಳೆಯ ಗಾಡಿಗಳ ವಿಷಯದಲ್ಲಿ ಒಂದು ತೊಡಕಿದೆ. ಬಿ.ಎಸ್. 4 ಎಂಬ ಹೊಗೆಯ ನಿಯಮವು 2010ರ ಏಪ್ರಿಲ್‌ನಲ್ಲಿ ಬೆಂಗಳೂರೇ ಮೊದಲಾದ 13 ನಗರಗಳಿಗೆ ಬಂತು; ತುಮಕೂರಿನಂತಹ ಊರುಗಳಿಗೆ ಅದು ಪೂರ್ಣವಾಗಿ ಅನ್ವಯಿಸಿದ್ದು 2017ರ ಏಪ್ರಿಲ್‌ನಲ್ಲಿ. ನಡುವಿನ ವರ್ಷಗಳಲ್ಲಿ ಇಲ್ಲಿ ನೋಂದಾಯಿಸಿದ ಗಾಡಿಗಳಲ್ಲಿ ಎಲ್ಲವೂ ಆ ಸಣ್ಣ ಸಾಧನದೊಡನೆ ಮಾತನಾಡುವುದಿಲ್ಲ. ಮೊದಲು ಯಾರಿಂದಲಾದರೂ ಎರವಲು ತಂದು ಸಿಕ್ಕಿಸಿ ನೋಡಿ, ಅನಂತರ ಕೊಳ್ಳುವುದು ಲೇಸು.

ರಿಪೇರಿಯಾದ ಮರುದಿನ ಭಾನುವಾರ, ಬೇಕೆಂದೇ ತೊಟ್ಟಿಯಲ್ಲಿ ಕಾಲುಭಾಗ ಡೀಸೆಲ್ ಉಳಿಸಿಕೊಂಡು ದೇವರಾಯನದುರ್ಗದ ಏರನ್ನು ಹತ್ತಿದೆವು. ಮೂರನೆಯ ಗೇರಿನಲ್ಲಿ ಗಾಡಿ ಒಂದೇ ಉಸಿರಿಗೆ ಮೇಲೇರಿತು. ದೀಪ ಹೊತ್ತಲಿಲ್ಲ. ನಮ್ಮ ಮನೆಯವರು ನರಸಿಂಹಸ್ವಾಮಿಗೆ ಹಣ್ಣುಕಾಯಿ ಮಾಡಿಸಿದರು. ಅದು ಯಾವ ಖಾತೆಗೆ ಸೇರತಕ್ಕದ್ದೆಂದು ನಾವು ಚರ್ಚಿಸಲಿಲ್ಲ.

ಸೀಳಿದ ಪೈಪಿನ ತುಂಡನ್ನು ತೊಳೆದು ಅಣ್ಣನವರಿಗೆ ತೋರಿಸಿದೆವು. ಅವರು ಅದನ್ನು ಬಗ್ಗಿಸಿ, ಬಿರುಕನ್ನು ಉಗುರಿನಿಂದ ತೆರೆದು, ಬಹಳ ಹೊತ್ತು ನೋಡಿದರು. ಈಗ ಸೋಮವಾರ ಗುರುವಾರಗಳಂದು ಗಾಡಿ ಬಾಗಿಲಿಗೆ ಬಂದೊಡನೆ, ಹತ್ತುವ ಮುನ್ನ ಮುಂದಿನ ಕಿಟಕಿಯಿಂದ ಬಗ್ಗಿ ಡೀಸೆಲಿನ ಮುಳ್ಳು ಎಲ್ಲಿದೆಯೆಂದು ತಾವೇ ನೋಡುತ್ತಾರೆ. ಅತ್ತಿಗೆಯವರು ಆಟೋದವನಿಗೆ ಬೇಡವೆಂದು ಹೇಳಿದ್ದಾರೆ.